ಮೂರು ಇಂಜಿನ್‌ಗಳ ರಬ್ಬರ್ ಬಳೆ: ಒಂದು ಪ್ರಕರಣ ಅಧ್ಯಯನ

ಭಾನುವಾರ ಬೆಳಿಗ್ಗೆ ಕುವೆಂಪುನಗರದ ನಮ್ಮ ಮನೆಗೆ ನಾಲ್ಕೈದು ಹುಡುಗರು ಬರುತ್ತಾರೆ. ವಿಮಾನ ರಿಪೇರಿ ಮಾಡುವವರ ಲೈಸೆನ್ಸ್ ಪರೀಕ್ಷೆಗೆ ಓದುತ್ತಿರುವವರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಹ್ಯಾಂಗರ್‌ಗಳಲ್ಲಿ, ಅಂದರೆ ವಿಮಾನ ರಿಪೇರಿಯ ಶೆಡ್ಡುಗಳಲ್ಲಿ, ಕೆಲಸ ಮಾಡಿ ಊರಿಗೆ ವಾಪಸ್ ಬಂದವನು ನಾನು. ಗೊತ್ತಿರುವುದನ್ನು ಹೇಳಿಕೊಡುತ್ತೇನೆ. ಅವರ ಪಠ್ಯದಲ್ಲಿ 9ನೇ ಮಾಡ್ಯೂಲ್ ಅಂತ ಒಂದಿದೆ. ಕೆಲಸ ಮಾಡುವ ಮನುಷ್ಯ ಎಲ್ಲಿ, ಹೇಗೆ ತಪ್ಪುತ್ತಾನೆ ಅನ್ನುವುದೇ ಅದರ ವಿಷಯ. ಹುಡುಗರಿಗೆ ಅದು ಸುಲಭದ ಪೇಪರ್. ಇಂಜಿನ್, ಎಲೆಕ್ಟ್ರಿಕಲ್ ಎಲ್ಲ ಮುಗಿದ ಮೇಲೆ ಬಸ್ಸಿನಲ್ಲಿ ಕೂತು ಓದಿಬಿಡಬಹುದು ಅನ್ನುವ ಲೆಕ್ಕ.

ಈ ಸಲ ಆ ಮಾಡ್ಯೂಲನ್ನು ನಾನು ನಮ್ಮನೆ ಕುಕ್ಕರ್‌ನಿಂದ ಶುರು ಮಾಡಿದೆ.

ಆಗಿದ್ದಿಷ್ಟು. ಆ ವಾರ ಮದ್ದೂರಿನಿಂದ ನಮ್ಮತ್ತೆ ಬಂದಿದ್ದರು. ನನ್ನ ಹೆಂಡತಿ ಕುಕ್ಕರ್ ತೊಳೆದರೆ ಗ್ಯಾಸ್ಕೆಟ್ಟನ್ನು ಅಲ್ಲೇ ಮುಚ್ಚಳಕ್ಕೆ ಕೂರಿಸಿ ಇಡುತ್ತಾಳೆ. ಅತ್ತೆಗೆ ಬೇರೆ ಅಭ್ಯಾಸ. ಗ್ಯಾಸ್ಕೆಟ್ ಬೇರೆ ತೊಳೆದು, ನೀರು ಇಳಿಯಲಿ ಅಂತ ನಲ್ಲಿಗೆ ನೇತು ಹಾಕುತ್ತಾರೆ. ಅದೂ ಒಳ್ಳೆಯ ಅಭ್ಯಾಸವೇ, ರಬ್ಬರ್ ಬಾಳಿಕೆ ಬರುತ್ತದೆ. ಗುರುವಾರ ರಾತ್ರಿ ಪಾತ್ರೆ ತೊಳೆದವರು ಅತ್ತೆ. ಶುಕ್ರವಾರ ಬೆಳಿಗ್ಗೆ ಬೇಳೆ ಇಟ್ಟವಳು ಹೆಂಡತಿ. ಮುಚ್ಚಳ ತಗೊಂಡಳು, ಮುಚ್ಚಿದಳು, ಒಲೆ ಹಚ್ಚಿದಳು. ಕಾಲು ಗಂಟೆ ಆದರೂ ಸೀಟಿ ಇಲ್ಲ. ಸುತ್ತಲೂ ಬುಸುಬುಸು ಅಂತ ಹಬೆ, ಒಲೆ ತುಂಬ ಬೇಳೆ ನೀರು, ತಳ ಹಿಡಿದ ವಾಸನೆ. ಗ್ಯಾಸ್ಕೆಟ್ ಇನ್ನೂ ನಲ್ಲಿಯಲ್ಲೇ ನೇತಾಡುತ್ತಿತ್ತು.

ಭಾನುವಾರ ಹುಡುಗರಿಗೆ ಇದನ್ನು ಹೇಳಿ ಕೇಳಿದೆ: ತಪ್ಪು ಯಾರದು? ಇಬ್ಬರು ಅತ್ತೆಯವರದು ಅಂದರು, ಒಬ್ಬ ಆಂಟಿದು ಅಂದ. ಶ್ರೀರಂಗಪಟ್ಟಣದಿಂದ ಬರುವ ಹುಡುಗ ಮಾತಾಡಲಿಲ್ಲ, ನಕ್ಕ. ಸರಿ, ಉತ್ತರ ಆಮೇಲೆ ನೋಡೋಣ ಅಂತ ಪ್ರಕರಣಕ್ಕೆ ಬಂದೆ.

1983ರ ಮೇ 5. ಅಮೆರಿಕದ ಮಯಾಮಿ. ಈಸ್ಟರ್ನ್ ಏರ್‌ಲೈನ್ಸ್‌ನ 855ನೇ ನಂಬರಿನ ವಿಮಾನ ಬಹಾಮಾಸ್‌ನ ನಸ್ಸೌಗೆ ಹೊರಟಿತ್ತು. ವಿಮಾನ ಲಾಕ್‌ಹೀಡ್ ಟ್ರೈಸ್ಟಾರ್. ರೆಕ್ಕೆಗಳ ಕೆಳಗೆ ಒಂದೊಂದು, ಬಾಲದಲ್ಲಿ ಒಂದು, ಹೀಗೆ ಮೂರು ರೋಲ್ಸ್ ರಾಯ್ಸ್ ಇಂಜಿನ್. ಒಳಗೆ 162 ಪ್ರಯಾಣಿಕರು, 10 ಸಿಬ್ಬಂದಿ. ಬೆಳಿಗ್ಗೆ 8:56ಕ್ಕೆ ಮೇಲೇರಿತು. ಚಿಕ್ಕ ಪ್ರಯಾಣ, ಸಮುದ್ರ ದಾಟಿದರೆ ನಸ್ಸೌ.

9:15ಕ್ಕೆ ಇಳಿಯಲು ಶುರು ಮಾಡಿದ್ದಾರೆ. ಬಾಲದ ಇಂಜಿನ್‌ನ, ಅಂದರೆ 2ನೇ ಇಂಜಿನ್‌ನ, ಆಯಿಲ್ ಒತ್ತಡ ಕಡಿಮೆ ಅಂತ ದೀಪ ಹತ್ತಿತು. ಪೈಲಟ್‌ಗಳು ನಿಯಮದಂತೆ ಆ ಇಂಜಿನ್ ನಿಲ್ಲಿಸಿದರು. ನಸ್ಸೌದಲ್ಲಿ ಹವಾಮಾನ ಚೆನ್ನಾಗಿರಲಿಲ್ಲ, ಮಯಾಮಿಗೇ ವಾಪಸ್ ಹೋಗೋಣ ಅಂತ ತೀರ್ಮಾನಿಸಿದರು. ಅದು ತಪ್ಪು ನಿರ್ಧಾರ ಅಲ್ಲ. ಎರಡು ಇಂಜಿನ್ ಚೆನ್ನಾಗಿ ಓಡುತ್ತಿದ್ದವು.

ತಿರುಗಿ ಹೊರಟ ಸ್ವಲ್ಪ ಹೊತ್ತಿಗೆ ಉಳಿದೆರಡು ಇಂಜಿನ್‌ಗಳ ದೀಪವೂ ಹತ್ತಿತು. ಆಯಿಲ್ ಎಷ್ಟಿದೆ ಅಂತ ತೋರಿಸುವ ಮೂರು ಮುಳ್ಳೂ ಸೊನ್ನೆ. ಇಲ್ಲಿ ಒಂದು ನಿಮಿಷ ಆ ಕಾಕ್‌ಪಿಟ್‌ನಲ್ಲಿ ಕೂತು ಯೋಚನೆ ಮಾಡಿ. ಮೂರು ಇಂಜಿನ್‌ಗೂ ಬೇರೆ ಬೇರೆ ಆಯಿಲ್ ಟ್ಯಾಂಕ್, ಬೇರೆ ಬೇರೆ ಪಂಪ್. ಒಂದಕ್ಕೊಂದು ಸಂಬಂಧವೇ ಇಲ್ಲ. ಮೂರೂ ಒಟ್ಟಿಗೆ ಖಾಲಿ ಆಗೋಕೆ ಸಾಧ್ಯವಾ? ಮೀಟರ್‌ಗಳೇ ಕೆಟ್ಟಿರಬೇಕು ಅಂತ ಅವರಿಗೆ ಅನ್ನಿಸಿತು. ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

9:28ಕ್ಕೆ 3ನೇ ಇಂಜಿನ್ ನಿಂತಿತು. ಇನ್ನು ಐದು ನಿಮಿಷಕ್ಕೆ 1ನೆಯದೂ ನಿಂತಿತು. ಕೆಳಗೆ ಸಮುದ್ರ. ಪ್ರಯಾಣಿಕರು ಲೈಫ್ ಜಾಕೆಟ್ ಹಾಕಿಕೊಂಡು, ನೀರಿನ ಮೇಲೆ ಇಳಿಯುವುದಕ್ಕೆ ಸಿದ್ಧರಾಗಿ ಕೂತರು. ಸುಮಾರು 13,000 ಅಡಿಯಿಂದ ವಿಮಾನ ಯಾವ ಇಂಜಿನ್ನೂ ಇಲ್ಲದೆ ಜಾರುತ್ತಾ ಇಳಿಯಿತು. ಸುಮಾರು 4,000 ಅಡಿಗೆ ಬಂದಾಗ 2ನೇ ಇಂಜಿನ್ ಮತ್ತೆ ಹತ್ತಿತು. ನಮ್ಮ ಚಾಮುಂಡಿ ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಹತ್ತಿರ ಹತ್ತಿರ 3,500 ಅಡಿ. ಅದಕ್ಕಿಂತ ಒಂದಿಷ್ಟೇ ಮೇಲೆ ಅಂದುಕೊಳ್ಳಿ. ಮೊದಲೇ ನಿಲ್ಲಿಸಿದ್ದರಿಂದ ಅದರ ಬೇರಿಂಗ್‌ಗಳು ಸುಟ್ಟಿರಲಿಲ್ಲ, ಅದಕ್ಕೇ ಹತ್ತಿತು. ಆ ಒಂದೇ ಇಂಜಿನ್‌ನಲ್ಲಿ 9:46ಕ್ಕೆ ಮಯಾಮಿಯಲ್ಲಿ ಇಳಿದರು. 172 ಜನರೂ ಬದುಕಿದರು.

ಇಂಜಿನ್ ಬಿಚ್ಚಿ ನೋಡಿದಾಗ ಸಿಕ್ಕ ಕಾರಣ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಮೂರು ಇಂಜಿನ್‌ಗಳ ಮಾಸ್ಟರ್ ಚಿಪ್ ಡಿಟೆಕ್ಟರ್‌ಗಳಲ್ಲೂ ಓ-ರಿಂಗ್ ಇರಲಿಲ್ಲ.

ಚಿಪ್ ಡಿಟೆಕ್ಟರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಂಜಿನ್ ಒಳಗೆ ಆಯಿಲ್ ಸುತ್ತುತ್ತಿರುತ್ತದೆ. ಬೇರಿಂಗ್ ಅಥವಾ ಗೇರ್ ಸವೆಯಲು ಶುರುವಾದರೆ ಉಕ್ಕಿನ ಸಣ್ಣ ಸಣ್ಣ ಚೂರು ಆ ಆಯಿಲ್‌ನಲ್ಲಿ ಸೇರಿಕೊಳ್ಳುತ್ತದೆ. ಆಯಿಲ್ ಹೋಗುವ ದಾರಿಯಲ್ಲಿ ತುದಿಗೆ ಅಯಸ್ಕಾಂತ ಇರುವ ಒಂದು ಬಿರಡೆ ಇಟ್ಟರೆ ಆ ಚೂರುಗಳು ಅದಕ್ಕೆ ಅಂಟುತ್ತವೆ. ಆಗಾಗ ಬಿರಡೆ ತೆಗೆದು ನೋಡಿದರೆ ಇಂಜಿನ್ ಒಳಗಿನ ಆರೋಗ್ಯ ಗೊತ್ತಾಗುತ್ತದೆ. ರಕ್ತ ಪರೀಕ್ಷೆ ಇದ್ದ ಹಾಗೆ. ಬಿರಡೆಯ ಮೈಗೆ ರಬ್ಬರ್ ಬಳೆ ಇರುತ್ತದೆ, ಅದೇ ಓ-ರಿಂಗ್. ಅದಿಲ್ಲದಿದ್ದರೆ ಬಿರಡೆ ಸರಿಯಾಗಿ ಕೂತ ಹಾಗೇ ಕಾಣುತ್ತದೆ, ಆದರೆ ಇಂಜಿನ್ ಓಡಿದಂತೆ ಸುತ್ತಲಿಂದ ಆಯಿಲ್ ಆಚೆ ಹೋಗುತ್ತದೆ. ಇಂಜಿನ್ ಕೆಡುವ ಮುಂಚೆ ತಿಳಿಯಲಿ ಅಂತಲೇ ಮಾಡುವ ಪರೀಕ್ಷೆ ಇದು. ಆ ಪರೀಕ್ಷೆಯೇ ಅವತ್ತು ಇಂಜಿನ್‌ಗಳನ್ನು ಕೆಡಿಸಿತು.

ನಾನು ಕಿಸೆಯಿಂದ ಒಂದು ಓ-ರಿಂಗ್ ತೆಗೆದು ಹುಡುಗರ ಕೈಗೆ ಕೊಟ್ಟೆ. ಕಪ್ಪಗೆ, ಮಗುವಿನ ಬಳೆಗಿಂತ ಚಿಕ್ಕದು. ಎರಡು ಬೆರಳಿನ ಮಧ್ಯೆ ಒತ್ತಿದರೆ ಮೊಟ್ಟೆಯಾಕಾರ ಆಗುತ್ತದೆ, ಬಿಟ್ಟರೆ ಮತ್ತೆ ದುಂಡಗೆ. ಕೈಯಿಂದ ಕೈಗೆ ಹೋಗುವಷ್ಟರಲ್ಲಿ ಎಲ್ಲರ ಬೆರಳಿಗೂ ಆಯಿಲ್ ಜಿಡ್ಡು.

ಈಗ ಹಿಂದಿನ ರಾತ್ರಿಗೆ ಹೋಗೋಣ. ಪ್ರಕರಣದ ಜೀವ ಅಲ್ಲಿದೆ.

ರಾತ್ರಿ ಪಾಳಿಯಲ್ಲಿ ಇಬ್ಬರು ಮೆಕ್ಯಾನಿಕ್‌ಗಳಿಗೆ ಈ ಕೆಲಸ ಬಂತು. ಮೂರು ಇಂಜಿನ್‌ನ ಹಳೆ ಡಿಟೆಕ್ಟರ್ ತೆಗೆಯಬೇಕು, ಹೊಸದು ಹಾಕಬೇಕು. ಇಬ್ಬರಿಗೂ ಹೊಸ ಕೆಲಸ ಅಲ್ಲ. ಅವರಿಗೆ ಡಿಟೆಕ್ಟರ್ ಸಿಗುತ್ತಿದ್ದ ಜಾಗ ಫೋರ್‌ಮನ್ ಆಫೀಸಿನ ಬೀರು. ಅಲ್ಲಿ ಇಟ್ಟಿರುತ್ತಿದ್ದ ಡಿಟೆಕ್ಟರ್‌ಗಳಿಗೆ ಓ-ರಿಂಗ್ ಮೊದಲೇ ಹಾಕಿರುತ್ತಿತ್ತು. ಯಾರೋ ಒಬ್ಬರು ಮುಂದಿನವರಿಗೆ ಅನುಕೂಲ ಆಗಲಿ ಅಂತ ಮಾಡಿಕೊಂಡು ಬಂದ ಪದ್ಧತಿ. ನಮ್ಮನೆಯಲ್ಲಿ ಗ್ಯಾಸ್ಕೆಟ್ ಕೂರಿಸಿಯೇ ಮುಚ್ಚಳ ಇಟ್ಟ ಹಾಗೆ.

ಅವತ್ತು ರಾತ್ರಿ ಬೀರು ಖಾಲಿ. ಅವರಲ್ಲಿ ಒಬ್ಬ ಸ್ಟೋರ್‌ಗೆ ಹೋಗಿ ಮೂರು ಡಿಟೆಕ್ಟರ್ ತಂದ. ಪ್ರತಿಯೊಂದಕ್ಕೂ ಬಳಸಲು ಯೋಗ್ಯ ಅಂತ ಚೀಟಿ ಇತ್ತು. ಸ್ಟೋರ್‌ನ ಡಿಟೆಕ್ಟರ್‌ಗೆ ಓ-ರಿಂಗ್ ಹಾಕಿರುವುದಿಲ್ಲ. ಇವರಿಗೆ ಅದು ಗೊತ್ತಿರಲಿಲ್ಲ ಅನ್ನುವುದಕ್ಕಿಂತ, ಆ ಪ್ರಶ್ನೆಯೇ ಅವರ ಮುಂದೆ ಬಂದಿರಲಿಲ್ಲ. ಡಿಟೆಕ್ಟರ್ ಅಂದರೆ ಓ-ರಿಂಗ್ ಇರುವ ಡಿಟೆಕ್ಟರ್. ಬೇರೆ ಥರದ್ದು ಅವರ ಕೈಗೆ ಬಂದೇ ಇರಲಿಲ್ಲ. ರೆಕ್ಕೆಯ ಎರಡು ಇಂಜಿನ್‌ಗೆ ಒಬ್ಬ ಹಾಕಿದ, ಬಾಲದ ಇಂಜಿನ್‌ಗೆ ಇನ್ನೊಬ್ಬ.

ವರ್ಕ್ ಕಾರ್ಡ್‌ನಲ್ಲಿ ಹೊಸ ಸೀಲ್, ಅಂದರೆ ಅದೇ ಓ-ರಿಂಗ್, ಹಾಕಿ ಕೂರಿಸಿ ಅಂತ ಸ್ಪಷ್ಟವಾಗಿ ಬರೆದಿತ್ತು. ಆ ಸಾಲಿನ ಮುಂದೆ ಸಹಿಯೂ ಬಿತ್ತು. ಇದನ್ನು ಓದಿದಾಗ ಹುಡುಗರಿಗೆ ಸಿಟ್ಟು ಬಂತು. "ಸುಳ್ಳು ಸಹಿ ಅಲ್ವಾ ಸರ್ ಇದು?" ಅಂದರು. ನನಗೆ ಹಾಗನ್ನಿಸುವುದಿಲ್ಲ. ಸಹಿ ಹಾಕಿದವನು ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡಿರಲಿಲ್ಲ. ಸೀಲ್ ಇದೆ ಅಂತ ನಂಬಿಯೇ ಹಾಕಿದ್ದ. ನೂರು ದಿನ ಬೇರೆ ಯಾರೋ ಮಾಡಿಟ್ಟ ಕೆಲಸಕ್ಕೆ ನೀವು ಸಹಿ ಹಾಕುತ್ತಾ ಬಂದರೆ, ನೂರಾ ಒಂದನೇ ದಿನ ಆ ಸಾಲು ಕಣ್ಣಿಗೇ ಬೀಳುವುದಿಲ್ಲ. ಅದು ತಪ್ಪು ಹೌದು. ತನಿಖೆಯಲ್ಲೂ ಅದನ್ನು ತಪ್ಪು ಅಂತಲೇ ಹೇಳಿದ್ದಾರೆ. ಆದರೆ ಆ ತಪ್ಪಿನ ಬೇರು ಒಳ್ಳೆಯ ಉದ್ದೇಶದಿಂದ ತುಂಬಿಟ್ಟ ಆ ಬೀರುವಿನಲ್ಲಿದೆ.

ಇನ್ನೊಂದು ವಿಷಯ. ಈ ಪ್ರಕರಣ ಹೇಳುವವರು ಒಬ್ಬನೇ ಮನುಷ್ಯ ಮೂರು ಇಂಜಿನ್ ಮುಟ್ಟಿದ, ಅದಕ್ಕೇ ಹೀಗಾಯಿತು ಅನ್ನುತ್ತಾರೆ. ಮುಟ್ಟಿದವರು ಇಬ್ಬರು. ಕೈ ಎರಡು ಜೊತೆ ಇದ್ದರೂ ನಂಬಿಕೆ ಒಂದೇ ಇತ್ತು, ಸಾಮಾನು ಒಂದೇ ಕಡೆಯಿಂದ ಬಂದಿತ್ತು. ಒಂದೇ ಸಲಕ್ಕೆ ಎಲ್ಲ ಇಂಜಿನ್‌ಗೂ ಒಬ್ಬನೇ ಒಂದೇ ಕೆಲಸ ಮಾಡಬಾರದು ಅನ್ನುವ ನಿಯಮ ಈಗ ಇದೆ. ಎರಡೇ ಇಂಜಿನ್ ಇಟ್ಟುಕೊಂಡು ದೂರದ ಸಮುದ್ರ ದಾಟುವ ವಿಮಾನಗಳಿಗೆ ಅದು ಬಹಳ ಮುಖ್ಯ. ಒಳ್ಳೆಯ ನಿಯಮ, ನಾನೂ ಪಾಲಿಸಿದ್ದೇನೆ. ಆದರೆ ಮಯಾಮಿಯಲ್ಲಿ ಮೂರು ಇಂಜಿನ್‌ಗೆ ಮೂರು ಜನ ಹೋಗಿದ್ದರೂ, ಒಂದೇ ಸ್ಟೋರ್‌ನಿಂದ ಅದೇ ಸಾಮಾನು ತಂದಿದ್ದರೆ, ಏನಾಗುತ್ತಿತ್ತು? ಹುಡುಗರಿಗೆ ಈ ಪ್ರಶ್ನೆ ಬಿಟ್ಟೆ. ಒಬ್ಬ ಮಾತ್ರ ಹಿಡಿದ: "ಇನ್ನೊಬ್ಬ ನೋಡಬೇಕಾದ್ರೆ ಬೇರೆ ಕಣ್ಣಿಂದ ನೋಡಬೇಕು ಸರ್."

ಸರಿ, ಹಾಕಿದ್ದಾಯಿತು. ಸೋರುತ್ತದಾ ಅಂತ ನೋಡಲಿಲ್ಲವೇ? ನೋಡಿದರು. ಇಂಜಿನ್ ಹಚ್ಚದೆ, ಸ್ಟಾರ್ಟರ್‌ನಿಂದ ಸುಮ್ನೆ ತಿರುಗಿಸಿದರು, ಸುಮಾರು ಹತ್ತು ಸೆಕೆಂಡ್. ಸೋರಲಿಲ್ಲ. ಅಷ್ಟು ಹೊತ್ತಿನಲ್ಲಿ ಆ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ, ಇನ್ನೂ ಜಾಸ್ತಿ ಹೊತ್ತು ತಿರುಗಿಸಬೇಕಿತ್ತು ಅಂತ ಆಮೇಲೆ ಗೊತ್ತಾಯಿತು.

ಈ ಮಾತು ಪುಸ್ತಕದಲ್ಲಿ ಓದಿದರೆ ಹಾರಿಹೋಗುತ್ತದೆ. ಅದಕ್ಕೆ ನಾನು ಹುಡುಗರನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ. ಕುಕ್ಕರ್‌ಗೆ ಎರಡು ಲೋಟ ನೀರು ಹಾಕಿ, ಗ್ಯಾಸ್ಕೆಟ್ ಇಲ್ಲದೆ ಮುಚ್ಚಳ ಮುಚ್ಚಿ, ಒಲೆ ಹಚ್ಚಿದೆ. ಹತ್ತು ಸೆಕೆಂಡ್ ಎಣಿಸಿ ಅಂದೆ. ಎಣಿಸಿದರು. ಏನೂ ಇಲ್ಲ. ಮುಚ್ಚಳ ಗಟ್ಟಿಯಾಗಿ ಕೂತಿದೆ, ಕೈಗೆ ಅಲುಗಾಡಿದ್ದೂ ಗೊತ್ತಾಗುವುದಿಲ್ಲ. "ಸಹಿ ಹಾಕ್ತೀರಾ?" ಅಂದೆ. ಹಾಕ್ತೀವಿ ಅಂದರು. ಐದಾರು ನಿಮಿಷ ಅಲ್ಲೇ ನಿಂತೆವು. ಮೊದಲು ಅಂಚಿನಲ್ಲಿ ಒಂದು ಹನಿ ಬಂತು. ಅದು ನಿಧಾನವಾಗಿ ಕೆಳಗೆ ಜಾರಿ ಬರ್ನರ್ ಮೇಲೆ ಬಿದ್ದು ಚುಂಯ್ ಅಂತು. ಆಮೇಲೆ ಸುತ್ತ ಎಲ್ಲ ಕಡೆಯಿಂದ ಹಬೆ. ಯಾರೂ ಮಾತಾಡಲಿಲ್ಲ. ಪರೀಕ್ಷೆ ಮಾಡಿದ್ದೇನೆ ಅನ್ನುವ ಧೈರ್ಯವೇ ಎಷ್ಟು ಅಪಾಯ ಅಂತ ಅವರಿಗೆ ಆ ಒಂದು ಹನಿಯಲ್ಲಿ ಅರ್ಥವಾಯಿತು ಅಂದುಕೊಂಡಿದ್ದೇನೆ.

ಇಷ್ಟರವರೆಗೂ ಇದು ಇಬ್ಬರು ಮೆಕ್ಯಾನಿಕ್‌ಗಳ ಕಥೆ. ನನಗೆ ನಿಜಕ್ಕೂ ನೋವಾಗುವ ಭಾಗ ಇನ್ನು ಮುಂದಿದೆ.

ಇದು ಮೊದಲ ಸಲ ಆದದ್ದಲ್ಲ. ಅದೇ ಕಂಪನಿಯಲ್ಲಿ, ಅದೇ ಡಿಟೆಕ್ಟರ್‌ನಿಂದ, ಹಿಂದೆ ಹಲವು ಸಲ ತೊಂದರೆ ಆಗಿತ್ತು. ಹಾರುತ್ತಿರುವಾಗಲೇ ಇಂಜಿನ್ ನಿಲ್ಲಿಸಬೇಕಾದ ಘಟನೆಗಳೂ ಇದ್ದವು. ಪ್ರತಿ ಸಲವೂ ಒಂದೇ ಇಂಜಿನ್. ಉಳಿದ ಇಂಜಿನ್‌ಗಳಲ್ಲಿ ವಿಮಾನ ಕ್ಷೇಮವಾಗಿ ಇಳಿದಿತ್ತು. ಪ್ರತಿ ಸಲವೂ ಅದನ್ನು ಆ ಮೆಕ್ಯಾನಿಕ್‌ನ ಅಜಾಗರೂಕತೆ ಅಂತ ನೋಡಿದರು. ಬೀರುವಿನಲ್ಲಿರುವುದಕ್ಕೂ ಸ್ಟೋರ್‌ನಲ್ಲಿರುವುದಕ್ಕೂ ವ್ಯತ್ಯಾಸ ಹಾಗೇ ಉಳಿಯಿತು.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತನ್ನ ವರದಿಯಲ್ಲಿ ಕಾರಣ ಹೇಳುವಾಗ ಮೆಕ್ಯಾನಿಕ್‌ಗಳ ಹತ್ತಿರವೇ ನಿಲ್ಲಲಿಲ್ಲ. ಓ-ರಿಂಗ್ ಇಲ್ಲದ್ದು, ಅವರು ಕ್ರಮ ಪಾಲಿಸದಿದ್ದದ್ದು ಮೊದಲು ಬರುತ್ತದೆ. ಆಮೇಲೆ, ಕ್ರಮ ಪಾಲಿಸುವಂತೆ ನೋಡಿಕೊಳ್ಳದ ಮೇಲ್ವಿಚಾರಕರು. ಆಮೇಲೆ, ಹಿಂದಿನ ಘಟನೆಗಳು ಎಷ್ಟು ಗಂಭೀರ ಅಂತ ಅಳೆಯದ ಆಡಳಿತ. ಕಂಪನಿಯ ಮೇಲೆ ಕಣ್ಣಿಡಬೇಕಿದ್ದ ಸರ್ಕಾರಿ ಇನ್‌ಸ್ಪೆಕ್ಟರ್‌ಗಳೂ ಆ ಪಟ್ಟಿಯಲ್ಲಿದ್ದಾರೆ. ಆ ಕಾಲದ ಮಟ್ಟಿಗೆ ಇದು ದೊಡ್ಡ ಮಾತು. ನಾನು ಕೆಲಸಕ್ಕೆ ಸೇರಿದ ಎಷ್ಟೋ ವರ್ಷದ ನಂತರವೂ ನಮ್ಮಲ್ಲಿ ತನಿಖೆ ಅಂದರೆ "ಸಹಿ ಯಾರದು?" ಅನ್ನುವ ಒಂದೇ ಪ್ರಶ್ನೆ. ಹೆಸರು ಸಿಕ್ಕರೆ ಫೈಲ್ ಮುಚ್ಚಿತು.

1993ರಲ್ಲಿ ಕೆನಡಾದ ಸಾರಿಗೆ ಇಲಾಖೆಯಲ್ಲಿದ್ದ ಗಾರ್ಡನ್ ಡುಪಾಂಟ್, ವಿಮಾನ ರಿಪೇರಿಯಲ್ಲಿ ತಪ್ಪಿಗೆ ಕಾರಣವಾಗುವ ಹನ್ನೆರಡು ವಿಷಯಗಳ ಪಟ್ಟಿ ಮಾಡಿದರು. ದಣಿವು, ಒತ್ತಡ, ಗಮನ ಬೇರೆ ಕಡೆ ಹೋಗುವುದು, ಹೀಗೆ. ನನ್ನ ಹುಡುಗರಿಗೆ ಅದು ಬಾಯಿಪಾಠ. ಆ ಪಟ್ಟಿಯಲ್ಲಿ ಕೊನೆಗೆ ಬರುವುದು "ಇಲ್ಲಿ ನಾವು ಹೀಗೇ ಮಾಡೋದು" ಅನ್ನುವ ರೂಢಿ. ಕೊನೆಗೆ ಬರುವುದರಿಂದ ಅದನ್ನು ಯಾರೂ ಜಾಸ್ತಿ ಓದುವುದಿಲ್ಲ. ಈ ಪ್ರಕರಣದಲ್ಲಿ ದಣಿವಿಗಿಂತ, ಕತ್ತಲೆಗಿಂತ ಅದೇ ದೊಡ್ಡದು ಅಂತ ನನ್ನ ಅಭಿಪ್ರಾಯ.

ಇದನ್ನು ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನನಗೂ ಆಗಿದೆ. ಹುಡುಗರಿಗೆ ಅದನ್ನೂ ಹೇಳಿದೆ.

ಎಲ್ಲಿ, ಯಾವ ಕಂಪನಿ ಅನ್ನುವುದು ಬೇಡ. ರಾತ್ರಿ ಪಾಳಿ. ಹೈಡ್ರಾಲಿಕ್ ಫಿಲ್ಟರ್ ಬದಲಾಯಿಸುವ ಕೆಲಸ. ಹೊಸ ಫಿಲ್ಟರ್ ಜೊತೆಗೆ ಹೊಸ ಸೀಲ್ ಒಂದು ಸಣ್ಣ ಪ್ಯಾಕೆಟ್‌ನಲ್ಲಿ ಬರುತ್ತದೆ. ಆ ಪ್ಯಾಕೆಟ್ ಕಳೆದುಹೋಗದಿರಲಿ ಅಂತ ಶರ್ಟ್ ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ಯಾರೋ ಟಾರ್ಚ್ ಕೇಳಿದರು, ಕೊಟ್ಟು ಬಂದೆ. ಫಿಲ್ಟರ್ ಹಾಕಿದೆ, ಬಿಗಿ ಮಾಡಿದೆ, ಹೊಸ ಸೀಲ್ ಹಾಕಿದೆ ಅನ್ನುವ ಸಾಲಿಗೆ ಸಹಿ ಹಾಕಿದೆ. ಬೆಳಿಗ್ಗೆ ಗೇಟಿನಾಚೆ ಟೀ ಅಂಗಡಿಯಲ್ಲಿ ಚಿಲ್ಲರೆಗೆ ಅಂತ ಜೇಬಿಗೆ ಕೈ ಹಾಕಿದರೆ ನಾಣ್ಯದ ಜೊತೆ ಆ ಪ್ಯಾಕೆಟ್ ಬಂತು. ಸೀಲ್ ಒಳಗೇ ಇತ್ತು. ಆ ಕ್ಷಣದ ಹೊಟ್ಟೆಯ ತಳಮಳ ನನಗೆ ಈಗಲೂ ನೆನಪಿದೆ. ಟೀ ಅಲ್ಲೇ ಬಿಟ್ಟು ಓಡಿದೆ. ವಿಮಾನ ಇನ್ನೂ ಹೋಗಿರಲಿಲ್ಲ. ಬಿಚ್ಚಿದೆವು. ಹಳೆಯ ಸೀಲ್ ತಾನು ಕೂರುವ ಕಚ್ಚಿನಲ್ಲೇ ಅಂಟಿಕೊಂಡಿತ್ತು, ಅದಕ್ಕೇ ಸೋರಿರಲಿಲ್ಲ. ಹೊಸದು ಹಾಕಿದೆ.

ನನ್ನ ಮೇಲಿನವರು ಒಳ್ಳೆಯ ಮನುಷ್ಯ. ಬೆನ್ನು ತಟ್ಟಿ, "ನೀನೇ ಬಂದು ಹೇಳಿದೆಯಲ್ಲ, ಏನೂ ಆಗಿಲ್ಲ, ಬಿಡು" ಅಂದರು. ನಾನು ಅವತ್ತು ಅವರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಯಾವ ರಿಜಿಸ್ಟರ್‌ನಲ್ಲೂ ಅದು ಬರಲಿಲ್ಲ. ಹಾಗಾಗಿ ಮುಂದಿನ ರಾತ್ರಿ ಅದೇ ಕೆಲಸಕ್ಕೆ ಬಂದವನಿಗೆ ಆ ಪ್ಯಾಕೆಟ್ ಜೇಬಿಗೆ ಹೋಗಬಹುದು ಅಂತ ಹೇಳುವವರು ಯಾರೂ ಇರಲಿಲ್ಲ. ಈಸ್ಟರ್ನ್‌ನಲ್ಲಿ ಮೊದಲ ಇಂಜಿನ್ ಸೋರಿದಾಗ ಆದದ್ದಕ್ಕೂ ಇದಕ್ಕೂ ನನಗೆ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಅಲ್ಲಿ ಬೈದು ಮುಗಿಸಿದರು, ಇಲ್ಲಿ ಬೆನ್ನು ತಟ್ಟಿ ಮುಗಿಸಿದರು. ಎರಡು ಕಡೆಯೂ ಕೆಲಸದ ರೀತಿ ಬದಲಾಗಲಿಲ್ಲ.

ಕುಕ್ಕರ್ ವಿಷಯಕ್ಕೆ ವಾಪಸ್ ಬರುತ್ತೇನೆ. ತಪ್ಪು ಯಾರದು ಅನ್ನುವ ಪ್ರಶ್ನೆಗೆ ಹುಡುಗರು ಕೊನೆಗೆ ಉತ್ತರ ಕೊಡಲಿಲ್ಲ, ಬೇರೆ ಪ್ರಶ್ನೆ ಕೇಳಿದರು: ಇನ್ನೊಂದು ಸಲ ಆಗದ ಹಾಗೆ ಏನು ಮಾಡಿದಿರಿ? ಮಾಡಿದ್ದು ನಾನಲ್ಲ, ಅತ್ತೆ. ಈಗ ತೊಳೆದ ಗ್ಯಾಸ್ಕೆಟ್ಟನ್ನು ನಲ್ಲಿಗೆ ಹಾಕುವುದಿಲ್ಲ, ಕುಕ್ಕರ್‌ನ ಹಿಡಿಗೇ ನೇತು ಹಾಕುತ್ತಾರೆ. ಅದನ್ನು ತೆಗೆಯದೆ ಯಾರೂ ಕುಕ್ಕರ್ ಎತ್ತುವ ಹಾಗಿಲ್ಲ. ನೆನಪಿಟ್ಟುಕೊಳ್ಳಿ ಅಂತ ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಹ್ಯಾಂಗರ್‌ಗಳಲ್ಲಿ ಇಂಥದ್ದನ್ನು ಮಾಡಿಸೋಕೆ ನಾವು ಎಷ್ಟು ಮೀಟಿಂಗ್ ಮಾಡುತ್ತಿದ್ದೆವು ಅಂತ ನೆನೆಸಿಕೊಂಡೆ.

ಆ ಹೊತ್ತಿಗೆ ಮಂಡಕಳ್ಳಿ ಏರ್‌ಪೋರ್ಟ್ ಕಡೆಯಿಂದ ತರಬೇತಿ ವಿಮಾನವೊಂದು ಮನೆ ಮೇಲೆ ಹಾದುಹೋಯಿತು. ಹುಡುಗರು ಅಭ್ಯಾಸದಂತೆ ಕಿಟಕಿಯಿಂದ ತಲೆ ಎತ್ತಿ ನೋಡಿದರು. ಶ್ರೀರಂಗಪಟ್ಟಣದ ಹುಡುಗ ಮಾತ್ರ ನೋಡಲಿಲ್ಲ. ಓ-ರಿಂಗ್ ಇನ್ನೂ ಅವನ ಕೈಯಲ್ಲೇ ಇತ್ತು, ಬೆರಳಿಗೆ ಸುತ್ತಿಕೊಂಡು ಕೇಳಿದ:

"ಅವರು ಬಿಡು ಅಂದ್ರು, ಸರಿ ಸರ್. ನೀವ್ಯಾಕೆ ಬರೀಲಿಲ್ಲ?"

ಹೆದರಿಕೆ ಇತ್ತು. ಆ ವರ್ಷ ನನ್ನ ಪ್ರಮೋಷನ್ ಇತ್ತು. ಎರಡನ್ನೂ ಅವನಿಗೆ ಹೇಳಿದೆ. ಆ ರಾತ್ರಿ ಆದದ್ದನ್ನು ನಾನು ಕಾಗದದ ಮೇಲೆ ಇಳಿಸಿರುವುದು ಇದೇ ಮೊದಲು.